ಶಿಕ್ಷಕರ ಬರಹಕ್ಕೂ ಬಜೆಟ್ ಬೇಕು

ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇಂಥ ಪಾಠವೊಂದನ್ನು ಸಿದ್ಧಪಡಿಸಲು ಗಣಿತ ಶಿಕ್ಷಕರಿಗೆ ಒಂದು ಸಂಜೆಯೇ ಬೇಕಾದೀತು. ಅದು ಒಂದೇ ಶಾಲೆಯಲ್ಲಿ ಉಳಿದುಬಿಟ್ಟರೆ ನಷ್ಟ ನಾಡಿನದು.

ಈ ನಷ್ಟ ತಪ್ಪಿಸುವ ಪ್ರಯತ್ನ ಕರ್ನಾಟಕದಲ್ಲಿ ಆಗಲೇ ನಡೆದಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ವಿಕಿಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿ ಬರೆದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಕೇಂದ್ರ ಸರ್ಕಾರದ ಡಿಜಿಟಲ್ ಕಲಿಕಾ ವೇದಿಕೆ ದೀಕ್ಷಾ ಕೂಡ ಉಪಯುಕ್ತವೇ. ಆದರೆ ಮೇಲಿನಿಂದ ಇಳಿದುಬರುವ ವಿಡಿಯೊ, ಪಕ್ಕದ ತಾಲ್ಲೂಕಿನ ಮೇಷ್ಟ್ರು ತರಗತಿಯಲ್ಲಿ ಪ್ರಯೋಗಿಸಿ ನೋಡಿದ ಪಾಠಕ್ಕೆ ಸಮನಾಗದು.

ಪಾಠ ಬರೆಯುವ ಇಂಥ ಶಿಕ್ಷಕರ ಬಳಗಗಳು ಸೊರಗುವುದು ಉತ್ಸಾಹದ ಕೊರತೆಯಿಂದಲ್ಲ. ಯೋಜನೆ ಮುಗಿದಾಗ ಹಣ ನಿಲ್ಲುತ್ತದೆ. ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಹಳೆಯ ಪುಟ ತಿದ್ದುವವರಿರುವುದಿಲ್ಲ. ಸರ್ವರ್‌ಗಿಂತ ಹೆಚ್ಚು ಬೇಕಾದದ್ದು ಸಂಪಾದಕರು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ನಿರೀಕ್ಷಿಸುತ್ತದೆ. ಪಾಠ ಬರೆಯುವುದು, ಸಹೋದ್ಯೋಗಿಯ ಪಾಠ ತಿದ್ದುವುದು ಆ ಲೆಕ್ಕಕ್ಕೆ ಸೇರಲಿ. ಪ್ರತಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ವಿಷಯಕ್ಕೊಬ್ಬ ಸಂಪಾದಕರಿರಲಿ, ಅವರಿಗೆ ಗೌರವಧನ ಸಿಗಲಿ. ಮುಂದಿನ ರಾಜ್ಯ ಬಜೆಟ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಅನುದಾನವನ್ನು ಸರ್ಕಾರ ಮೀಸಲಿಡಬೇಕು.