ವಿಮಾನದ ಬಾಗಿಲು ಮಾಡಿದ್ದಾಯ್ತು, ವಿಮಾನ?

ಬೆಂಗಳೂರಿನ ಬಿನ್ನಿಪೇಟೆಯಿಂದ ಮಾಗಡಿ ರಸ್ತೆ ಹಿಡಿದು ಕಾಮಾಕ್ಷಿಪಾಳ್ಯದ ಕಡೆ ಹೋದರೆ ಲೇತ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳ ಶೆಡ್‌ಗಳು ಸಾಲುಸಾಲು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವ ಕೈಗಳಿಗೆ ಈ ಭಾಗದಲ್ಲಿ ಬರವಿಲ್ಲ. ಪೀಣ್ಯದಲ್ಲಿ ಬೆಳೆದ ಡೈನಮ್ಯಾಟಿಕ್ ಕಂಪನಿ ಏರ್‌ಬಸ್ ಎ320ರ ರೆಕ್ಕೆಯಲ್ಲಿ ಫ್ಲ್ಯಾಪ್‌ಗಳನ್ನು ಹೊರುವ ತೊಲೆಗಳನ್ನು ಮಾಡಿಕೊಡುತ್ತದೆ; 2024ರ ಫೆಬ್ರವರಿಯಲ್ಲಿ ಎ220ರ ಎಲ್ಲ ಬಾಗಿಲುಗಳ ಗುತ್ತಿಗೆಯೂ ಅದಕ್ಕೆ ಸಿಕ್ಕಿತು. ಎಚ್‌ಎಎಲ್ ಅಂತೂ ದಶಕಗಳಿಂದ ಎ320ಕ್ಕೆ ಬಾಗಿಲು ಕಳಿಸುತ್ತಿದೆ. ಡ್ರಾಯಿಂಗ್ ಬರುತ್ತದೆ, ಮಾಲು ಹೋಗುತ್ತದೆ. ಆ ಡ್ರಾಯಿಂಗಿನ ಒಂದು ಗೆರೆ ಬದಲಿಸುವ ಅಧಿಕಾರ ಮಾತ್ರ ಇಲ್ಲಿ ಯಾರಿಗೂ ಇಲ್ಲ.

2025ರ ಅಕ್ಟೋಬರಿನಲ್ಲಿ ಎಚ್‌ಎಎಲ್ ರಷ್ಯಾದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಜತೆ ಎಸ್‌ಜೆ-100 ಜೆಟ್ ತಯಾರಿಕೆಯ ಒಡಂಬಡಿಕೆಗೆ ಸಹಿ ಹಾಕಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಇಡೀ ಪ್ರಯಾಣಿಕ ವಿಮಾನ ಇಲ್ಲಿ ಹಿಂದೆಯೂ ತಯಾರಾಗಿದೆ. ಕಾನ್ಪುರದಲ್ಲಿ 1961ರಿಂದ 1988ರವರೆಗೆ ಬ್ರಿಟಿಷ್ ವಿನ್ಯಾಸದ ಆವ್ರೊ ಎಚ್‌ಎಸ್-748 ಕಟ್ಟಿದೆವು. ಅಷ್ಟು ವರ್ಷ ಕಟ್ಟಿದ ಮೇಲೂ ಅದರ ಮುಂದಿನ ವಿಮಾನ ನಮ್ಮದಾಗಿ ಹುಟ್ಟಲಿಲ್ಲ.

ಏಕೆಂದರೆ ವಿಮಾನದ ಹಣೆಬರಹ ಕಾರ್ಖಾನೆಗೆ ಬರುವ ಎಷ್ಟೋ ಮೊದಲೇ ಬರೆದಾಗಿರುತ್ತದೆ. ಬೋಯಿಂಗ್ 737 ನೋಡಿ. 1960ರ ದಶಕದಲ್ಲಿ, ಸಣ್ಣ ನಿಲ್ದಾಣಗಳಲ್ಲಿ ಯಂತ್ರದ ಹಂಗಿಲ್ಲದೆ ಲಗೇಜು ತುಂಬಲು ಅನುಕೂಲವಾಗಲೆಂದು ಅದನ್ನು ನೆಲಕ್ಕೆ ತಗ್ಗಿಸಿ ನಿಲ್ಲಿಸಿದರು. ಆಗಿನ ಎಂಜಿನ್ ಸಪೂರ, ತೊಂದರೆಯಾಗಲಿಲ್ಲ. ಅರ್ಧ ಶತಮಾನ ಕಳೆದು ದಪ್ಪ ಎಂಜಿನ್ ಬಂದಾಗ ರೆಕ್ಕೆಯಡಿ ಜಾಗ ಸಾಲದೆ ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು. ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೇಳುವ ಚಾಳಿ ಅಂಟಿಕೊಂಡಿತು. ಅದನ್ನು ಅದುಮಲು ಹಾಕಿದ ಸಾಫ್ಟ್‌ವೇರ್ ಒಂದೇ ಒಂದು ಸೆನ್ಸರ್ ಹೇಳಿದ್ದನ್ನು ನಂಬಿ ವಿಮಾನವನ್ನು ಕೆಳಕ್ಕೆ ತಳ್ಳಿತು. 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಮಂದಿ ಸತ್ತರು.

ನಮ್ಮ ಸ್ವಂತ ಪ್ರಯತ್ನದ ಪಾಠ ಇನ್ನೂ ಹತ್ತಿರದ್ದು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಿಗುವ ಬಿಡದಿಯ ಬಳಿ 2009ರ ಮಾರ್ಚ್ 6ರಂದು ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ‘ಸರಸ್’ ವಿಮಾನ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಹಾರಾಟದ ನಡುವೆ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ವಿನ್ಯಾಸಕಾರರು ರೂಪಿಸಿದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಸರಸ್ ಜೆಟ್ ಅಲ್ಲ, ಹಿಂದಿನಿಂದ ತಳ್ಳುವ ಪ್ರೊಪೆಲ್ಲರಿನ 14 ಸೀಟಿನ ವಿಮಾನ. 2004ರಲ್ಲಿ ಹಾರಿದ ಮೊದಲ ಮಾದರಿಯೇ ಅಂದುಕೊಂಡದ್ದಕ್ಕಿಂತ ಸುಮಾರು 900 ಕೆ.ಜಿ. ಭಾರವಾಗಿತ್ತು, ಎರಡನೆಯದಕ್ಕೆ ಹೆಚ್ಚು ಶಕ್ತಿಯ ಎಂಜಿನ್ ಕಟ್ಟಬೇಕಾಯಿತು. ಮೊದಲ ವಿಮಾನ ತೂಕ ಮೀರುವುದು ಲೋಕರೂಢಿ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಆ 900 ಕೆ.ಜಿ. ಎಲ್ಲೆಲ್ಲಿ ಸೇರಿಕೊಂಡಿತು ಎಂದು ಬಲ್ಲವರ ಕೈಗೆ ಮುಂದಿನ ವಿಮಾನವನ್ನು ಬೇಗ ಕೊಡಲಿಲ್ಲ, ಕೆಡುಕಾದದ್ದು ಅಲ್ಲಿ. ಯೋಜನೆ ವರ್ಷಗಟ್ಟಲೆ ಮೂಲೆ ಸೇರಿ, ಸುಧಾರಿಸಿದ ಮಾದರಿ ಹಾರಿದ್ದು 2018ರ ಜನವರಿಯಲ್ಲಿ. ಬ್ರೆಜಿಲ್‌ನ ಎಂಬ್ರೇರ್ 1969ರಲ್ಲಿ ಹುಟ್ಟಿ, ಇಂಥದೇ ಸಣ್ಣ ಪ್ರೊಪೆಲ್ಲರ್ ವಿಮಾನದಿಂದ ಮೆಟ್ಟಿಲು ಮೆಟ್ಟಿಲಾಗಿ ಜೆಟ್‌ಗೆ ಏರಿತು. ದುಡ್ಡು, ಜಾಣ್ಮೆ ಎರಡೂ ಇದ್ದ ಜಪಾನಿನ ಮಿತ್ಸುಬಿಷಿ ಪ್ರಯಾಣಿಕ ಜೆಟ್‌ಗೆ ಕೈಹಾಕಿ 2023ರಲ್ಲಿ ಕೈಬಿಟ್ಟಿತು.

ಹಾಗೆಂದು ಎಸ್‌ಜೆ-100 ಬೇಡವೆನ್ನುತ್ತಿಲ್ಲ. ನಿರ್ಬಂಧಗಳಿಂದಾಗಿ ಫ್ರೆಂಚ್ ಪಾಲಿದ್ದ ಎಂಜಿನ್ ದುರ್ಲಭವಾದಾಗ ರಷ್ಯಾ ತನ್ನದೇ ಪಿಡಿ-8 ಎಂಜಿನ್ ಕೂರಿಸಿತು. ವಿನ್ಯಾಸ ಅವರ ಕೈಯಲ್ಲಿತ್ತು, ಹಾಗಾಗಿ ಸಾಧ್ಯವಾಯಿತು. ನಾಳೆ ನಮಗೆ ಬೇರೆ ಎಂಜಿನ್ ಬೇಕೆನಿಸಿದರೆ ಯಾರ ಅಪ್ಪಣೆ ಕೇಳಬೇಕು? ವಿನ್ಯಾಸ ಬದಲಿಸುವ ಹಕ್ಕು, ಪರೀಕ್ಷೆಯ ದತ್ತಾಂಶ, ಪ್ರಮಾಣೀಕರಣದ ಕಡತ ಇವು ಅಂತಿಮ ಕರಾರಿನಲ್ಲಿ ಇವೆಯೇ ಎಂಬುದನ್ನು ಸರ್ಕಾರ ಸಂಸತ್ತಿಗೆ ಹೇಳಲಿ. ಜತೆಗೆ, 2010ರ ಸುಮಾರಿಗೆ ಇಸ್ರೊ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ನೇತೃತ್ವದ ಸಮಿತಿ ಪರಿಶೀಲಿಸಿದ ಪ್ರಾದೇಶಿಕ ವಿಮಾನ ಕಾಗದದಲ್ಲೇ ಉಳಿದಿದೆ. ರೆಕ್ಕೆ, ತೂಕ, ಎಂಜಿನ್ ಗೊತ್ತಾಗುವವರೆಗಿನ ಅದರ ಆರಂಭಿಕ ವಿನ್ಯಾಸಕ್ಕೆ ವರ್ಷವರ್ಷವೂ ಕೈಯೊಡ್ಡಿಸದೆ ಒಟ್ಟಿಗೇ ಹಣ ಕೊಡಲಿ.