ಸಾವನ್ನು ಎಣಿಸಿದರೆ ಸಾಲದು, ನಿಮಿಷ ಎಣಿಸಿ

2025ರ ಜೂನ್‌ನಲ್ಲಿ ಹಾಸನದ ಸಾವುಗಳ ಸಂಖ್ಯೆಯನ್ನು ಸುದ್ದಿವಾಹಿನಿಗಳು ದಿನವೂ ಏರಿಸುತ್ತಾ ಹೋದವು. ಲಸಿಕೆಯೇ ಕಾರಣವೆಂಬ ಮಾತು ಹಬ್ಬಿತು. ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ತಜ್ಞರ ಸಮಿತಿಗೆ ಲಸಿಕೆಯ ನಂಟು ಕಾಣಲಿಲ್ಲ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ಸರ್ಕಾರ ಘೋಷಿಸಿತು.

ಒಳ್ಳೆಯದೇ. ಆದರೆ ಮರಣೋತ್ತರ ಪರೀಕ್ಷೆ ಆ ವ್ಯಕ್ತಿ ಏಕೆ ಸತ್ತ ಎಂದು ಹೇಳೀತು. ಹೇಗೆ ಉಳಿಯಬಹುದಿತ್ತು ಎಂದು ಹೇಳಲಾರದು.

ಕನ್ನಡ ಪತ್ರಿಕೆಗಳಿಗೆ ಎಲ್ಲವೂ ‘ಹೃದಯಾಘಾತ’. ರಕ್ತನಾಳ ಕಟ್ಟಿಕೊಳ್ಳುವುದು ಆಘಾತ. ಹೃದಯದ ಬಡಿತವೇ ನಿಲ್ಲುವುದು ಸ್ತಂಭನ. ಆಘಾತವಾದವನಿಗೆ ಆಸ್ಪತ್ರೆ ಮುಟ್ಟಲು ಸಮಯ ಸಿಕ್ಕೀತು. ಸ್ತಂಭನವಾದವನಿಗೆ ಇರುವುದು ಕೆಲವೇ ನಿಮಿಷ. ಯಾರೂ ಎದೆ ಒತ್ತದಿದ್ದರೆ, ಶಾಕ್ ಕೊಡದಿದ್ದರೆ, ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಹಾಗಾಗಿ ಬೇಕಾದ ಲೆಕ್ಕವೇ ಬೇರೆ: ಎಲ್ಲಿ ಕುಸಿದ, ಯಾರು ನೋಡಿದರು, ಕರೆ ಎಷ್ಟು ಹೊತ್ತಿಗೆ ಹೋಯಿತು, ಯಾರಾದರೂ ಎದೆ ಒತ್ತಿದರೇ, ಶಾಕ್ ಯಾವಾಗ ಸಿಕ್ಕಿತು, ಬದುಕಿ ಮನೆಗೆ ಮರಳಿದನೇ?

ಡೆನ್ಮಾರ್ಕ್ 2001ರಿಂದ ಈ ಲೆಕ್ಕ ಇಟ್ಟಿದೆ. ಆಗ ಐವರಲ್ಲಿ ಒಬ್ಬರಿಗಷ್ಟೇ ಸುತ್ತಲಿನವರು ಸಿಪಿಆರ್ ಕೊಡುತ್ತಿದ್ದರು. ಆ ದೇಶ ಶಾಲೆಗಳಲ್ಲಿ, ಚಾಲನಾ ಪರವಾನಗಿಗೆ ತರಬೇತಿ ಕಡ್ಡಾಯ ಮಾಡಿತು. 2010ರ ಹೊತ್ತಿಗೆ ಸಿಪಿಆರ್ ಪ್ರಮಾಣ ಶೇ. 45 ಸಮೀಪಿಸಿತು; ಮೂವತ್ತು ದಿನ ಬದುಕುಳಿದವರು ಶೇ. 3.5ರಿಂದ 10.8ಕ್ಕೆ ಏರಿದರು. ತರಬೇತಿಯೊಂದೇ ಕಾರಣವಲ್ಲ. ಆದರೆ ಎಣಿಸದೆ ಇದ್ದಿದ್ದರೆ ಏರಿದ್ದೇ ಗೊತ್ತಾಗುತ್ತಿರಲಿಲ್ಲ.

‘ಮೊದಲು ಯಂತ್ರ ಕೊಳ್ಳೋಣ, ಲೆಕ್ಕ ಆಮೇಲೆ’ ಎನ್ನುವವರಿದ್ದಾರೆ. ಲೆಕ್ಕವಿಲ್ಲದೆ ಕೊಂಡ ಯಂತ್ರ ಹೋಗಿ ಕೂರುವುದು ವಿಮಾನ ನಿಲ್ದಾಣದಲ್ಲಿ, ಮಾಲ್‌ನಲ್ಲಿ. ಹೃದಯ ನಿಲ್ಲುವುದು ಹೆಚ್ಚಾಗಿ ಮನೆಯಲ್ಲಿ, ಹೆಂಡತಿ ಮಕ್ಕಳ ಕಣ್ಣೆದುರು. ಯಾವ ಬಡಾವಣೆಗೆ ತರಬೇತಿ, ಯಾವ ರಸ್ತೆಗೆ ಆಂಬುಲೆನ್ಸ್ ಎಂದು ತೋರಿಸುವುದು ಲೆಕ್ಕವೇ. ಖಾಸಗಿತನದ ನೆಪವೂ ನಿಲ್ಲದು. ಆ ಲೆಕ್ಕ ಪ್ರಕಟಿಸಲು ಯಾರ ಹೆಸರೂ ಬೇಕಿಲ್ಲ.

ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ಹೋದಾಗ ನಾಡು ಅತ್ತಿತು. ಅವರ ಹೆಸರಲ್ಲಿ ಹೃದಯಜ್ಯೋತಿ ಯೋಜನೆಯೂ ಬಂತು. ಆ ಯೋಜನೆ ವರ್ಷಕ್ಕೊಮ್ಮೆ ಒಂದು ಪುಟ ಪ್ರಕಟಿಸಲಿ, ಜಿಲ್ಲಾವಾರು: ಎಷ್ಟು ಜನ ಕುಸಿದರು, ಎಷ್ಟು ಜನರ ಎದೆ ಒತ್ತಲಾಯಿತು, ಎಷ್ಟು ಜನ ಮನೆಗೆ ಮರಳಿದರು. ಆ ಪುಟ ಬರದಿದ್ದರೆ ಮುಂದಿನ ಹಾಸನಕ್ಕೂ ಗಾಳಿಸುದ್ದಿಯೇ ಗತಿ.