ಪಹಣಿಯೇ ಮೊದಲ ಪಾಠವಾಗಲಿ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ಜಗಳದ ಮೂಲ ಗೇಣಿ ಅಳೆಯುವ ಕೊಳಗ. ಅಳತೆ ಒಡೆಯರ ಕೈಯಲ್ಲಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಉಳುವ ನೆಲಕ್ಕೆ ಹಕ್ಕುದಾರನಾಗಲು 7ನೇ ನಮೂನೆಯ ಅರ್ಜಿ ಬೇಕಾಯಿತು. ಓದು ಬಾರದ ರೈತ ಅರ್ಜಿ ಬರೆಯುವವನ ಮುಖ ನೋಡಬೇಕಾಯಿತು. ಬರೆದದ್ದೇನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಕಾಯಿತು.

1963ರ ಕಾಯಿದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿತು. ಪಹಣಿ ಕನ್ನಡದಲ್ಲಿಯೇ ಇದೆ. ಓದುವವರು ಬೇಡವೇ? 2011ರ ಜನಗಣತಿಯಲ್ಲಿ, ಏಳು ವರ್ಷ ತುಂಬಿದ ಹೆಂಗಸರ ಪೈಕಿ ನೂರಕ್ಕೆ 68 ಮಂದಿ ಮಾತ್ರ ಅಕ್ಷರಸ್ಥರು. ಇತ್ತ ಇಂಗ್ಲಿಷ್ ಶಾಲೆಗೆ ಹೋದ ಎಷ್ಟೋ ಮಕ್ಕಳು ಅಜ್ಜನ ಪಹಣಿ ಓದಲಾರದೆ ತಡವರಿಸುತ್ತಾರೆ.

ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಪಾಠ ಹೇಳಿದ ನಮ್ಮ ಅನುಭವ ಇಷ್ಟೇ: ಮನೆಮಾತಿನಲ್ಲಿ ಓದು ಗಟ್ಟಿಯಾದ ಮಗು ಬೇರೆ ಭಾಷೆಯನ್ನೂ ಬೇಗ ಹಿಡಿಯುತ್ತದೆ. ತುಳು, ಲಂಬಾಣಿ, ಉರ್ದು ಮನೆಮಾತಿನವರಿಗೂ ಈ ನ್ಯಾಯ ಸಲ್ಲಬೇಕು.

ಸರ್ಕಾರವನ್ನು ಒತ್ತಾಯಿಸುವುದು ಇದ್ದೇ ಇದೆ. ಅದಕ್ಕಾಗಿ ಕಾಯುತ್ತ ಕೂರುವುದು ಬೇಡ. ಗೆಳೆಯರೇ, ಪ್ರತಿ ಹಳ್ಳಿಯ ನಮ್ಮ ಶಾಖೆ ವಾರಕ್ಕೆರಡು ರಾತ್ರಿ ಅಕ್ಷರ ಕಲಿಸಲಿ. ಅವರವರ ಪಹಣಿಯೇ ಮೊದಲ ಪುಸ್ತಕವಾಗಲಿ. ಹೆಬ್ಬೆಟ್ಟಿನ ಜಾಗದಲ್ಲಿ ಹೆಸರು ಬರೆದವನು ಮರುದಿನ ಕಚೇರಿಯಲ್ಲಿ ತಾನೇ ಪ್ರಶ್ನೆ ಕೇಳುತ್ತಾನೆ.